ಸೂಜಿ ದಾರದ ಲೆಕ್ಕ

ಬೇಸಿಗೆ ರಜೆಯಲ್ಲಿ ಕೈಗೆತ್ತಿಕೊಂಡ ಗಿಳಿ ಮಳೆಗಾಲದ ಹೊತ್ತಿಗೆ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ಎಂಟನೇ ತರಗತಿ ಓದುವ ಹುಡುಗಿಯೊಬ್ಬಳು ಮ್ಯಾಟಿ ಬಟ್ಟೆಯ ಮೇಲೆ ಎಣಿಸಿ ಎಣಿಸಿ ಹಾಕಿದ ಕ್ರಾಸ್ ಸ್ಟಿಚ್ ಗಿಳಿ ಅದು. ಮೈಗೆ ಮೂರು ಬಗೆಯ ಹಸಿರು, ಕೊಕ್ಕಿಗೆ ಕೆಂಪು, ಕೂತ ಕೊಂಬೆಗೆ ಕಂದು. ಉಳಿದದ್ದು ಸುತ್ತಲಿನ ಕಪ್ಪು ಗೆರೆ ಮಾತ್ರ. ಮರುದಿನ ಶಾಲೆಯಲ್ಲಿ ವಸ್ತುಪ್ರದರ್ಶನ. ಒಂದು ಗಂಟೆಯ ಕೆಲಸ ಎಂದುಕೊಂಡು ಹುಡುಗಿ ರಾತ್ರಿ ಊಟವಾದ ಮೇಲೆ ಕೂತಳು. ಹನ್ನೊಂದಕ್ಕೆ ಮುಗಿಸಿಯೇ ಎದ್ದಳು.

ಬೆಳಿಗ್ಗೆ ಬೆಳಕಿನಲ್ಲಿ ನೋಡಿದರೆ ಗಿಳಿ ಬೇರೆಯೇ ಆಗಿತ್ತು. ರೆಕ್ಕೆಯ ಬಳಿ ಬಟ್ಟೆ ಸುಕ್ಕುಗಟ್ಟಿತ್ತು. ದುಂಡಗೆ ಇಳಿಯಬೇಕಾದ ಬೆನ್ನಿನ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಕೊಕ್ಕಿನ ತುದಿ ಮೊಂಡಾಗಿತ್ತು. ಬಿಳಿ ಬಟ್ಟೆಯ ಮೂಲಕ ಹಿಂದಿನ ಕಪ್ಪು ದಾರ ನೆರಳಿನಂತೆ ಕಾಣುತ್ತಿತ್ತು. ಅಳು ಬರುವಷ್ಟರಲ್ಲಿ ತಂದೆಯ ಮಾತೂ ಸೇರಿತು: "ಎರಡು ತಿಂಗಳಾ ಇದಕ್ಕ ಕುಂತಿ. ಅದರಾಗ ಅರ್ಧಾ ಹೊತ್ತು ಗಣಿತಕ್ಕ ಕೊಟ್ಟಿದ್ರ ಕಿರುಪರೀಕ್ಷಾದಾಗ ಹಿಂಗ ಆಗ್ತಿರಲಿಲ್ಲ."

ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೈ ಚಾಚಿ ಬಟ್ಟೆಯನ್ನು ಇಸಿದುಕೊಂಡರು. ಒಂದು ಕಾಲದಲ್ಲಿ ಇಳಕಲ್ ಸೀರೆಯ ಸೆರಗಿಗೆ ಗೋಪುರ, ತೇರು, ತುಳಸಿಕಟ್ಟೆ ಹಾಕಿದ ಕೈ ಅದು. ಈಗ ಅವರಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಗಿಳಿಯ ಮುಖವನ್ನು ಅವರು ನೋಡಲೇ ಇಲ್ಲ. ಬಟ್ಟೆಯನ್ನು ತಿರುವಿ ಬೆನ್ನಿನ ಮೇಲೆ ಬೆರಳಾಡಿಸಿದರು. "ಇಲ್ಲಿ ಜಗ್ಗೀದಿ, ಇಲ್ಲಿ ಗಂಟು ಹಾಕೀದಿ, ಇಲ್ಲಿಂದ ಅಲ್ಲೀತನಾ ಹಾರಸೀದಿ. ಹೌದಿಲ್ಲವಾ?" ಎಂದರು. ಮೂರೂ ನಿಜವಾಗಿತ್ತು.

ಬೆನ್ನು ಹೇಳುವ ಕಥೆ

ಬೆರಳಿಗೆ ಅದು ತಿಳಿದದ್ದು ಹೇಗೆ? ಬ್ಯಾಕ್ ಸ್ಟಿಚ್ ಹಾಕುವಾಗ ಸೂಜಿ ನಡೆಯುವ ದಾರಿಯನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಸೂಜಿ ಒಂದು ಮನೆ ಮುಂದೆ ಹೋಗಿ ಮೇಲೆ ಬರುತ್ತದೆ. ಒಂದು ಮನೆ ಹಿಂದೆ ಬಂದು ಕೆಳಗಿಳಿಯುತ್ತದೆ. ಮತ್ತೆ ಮುಂದಿನ ಹೊಲಿಗೆಗೆ ಹೊರಡಬೇಕಾದರೆ ಕೆಳಗಿನಿಂದ ಎರಡು ಮನೆ ದಾಟಬೇಕು. ಮುಖದ ಮೇಲೆ ಒಂದು ಮನೆಯ ಗೆರೆ, ಬೆನ್ನಿನ ಮೇಲೆ ಎರಡು ಮನೆಯ ಗೆರೆ. ದಾರವನ್ನು ಜೋರಾಗಿ ಎಳೆದರೆ ಬೆನ್ನಿನ ಈ ಉದ್ದನೆಯ ಎಳೆ ಎರಡು ಮನೆಗಳನ್ನು ಒಟ್ಟಿಗೆ ಹತ್ತಿರಕ್ಕೆ ಜಗ್ಗುತ್ತದೆ. ಸುಕ್ಕು ಹುಟ್ಟುವುದು ಅಲ್ಲಿ. ಮುಖದಲ್ಲಿ ಕಾಣುವ ತಪ್ಪಿಗೆ ಕಾರಣ ಬೆನ್ನಿನಲ್ಲಿ ಇರುತ್ತದೆ.

ಹಾಗಾದರೆ ಎಷ್ಟು ಬಿಗಿ? ಹೊಲಿಗೆ ಬಟ್ಟೆಯ ಮೇಲೆ ಮಲಗಿರಬೇಕು. ಬಟ್ಟೆಯನ್ನು ಒತ್ತಬಾರದು, ಮೇಲೆ ಏಳಲೂಬಾರದು. ತೂತು ಮೊದಲಿದ್ದಷ್ಟೇ ದೊಡ್ಡದಾಗಿ ಉಳಿದಿದ್ದರೆ ಬಿಗಿ ಸರಿಯಾಗಿದೆ. ತೂತು ಅಗಲವಾಗಿ ಬಾಯಿ ಬಿಟ್ಟಿದ್ದರೆ ಕೈ ಬಿಗಿಯಾಗಿದೆ ಎಂದು ಅರ್ಥ. ಬಟ್ಟೆಯನ್ನು ರಿಂಗಿನಲ್ಲಿ ಹದವಾಗಿ ಬಿಗಿದು, ಸೂಜಿಯನ್ನು ಒಮ್ಮೆ ಕೆಳಗೆ ಒಮ್ಮೆ ಮೇಲೆ ಪ್ರತ್ಯೇಕವಾಗಿ ಎಳೆಯಬೇಕು. ಒಂದೇ ಸಲಕ್ಕೆ ಬಟ್ಟೆಯನ್ನು ಮಡಿಸಿ ಎರಡೂ ತೂತಿನಲ್ಲಿ ಸೂಜಿ ತೂರಿಸಿದರೆ ಬೇಗ ಸಾಗುತ್ತದೆ ನಿಜ. ಆದರೆ ಪ್ರತಿ ಹೊಲಿಗೆಯ ಬಿಗಿಯೂ ಬೇರೆ ಬೇರೆಯಾಗುತ್ತದೆ.

ಎಳೆ ಮತ್ತು ಸೂಜಿ

ಅಂಗಡಿಯಲ್ಲಿ ಸಿಗುವ ಎಂಬ್ರಾಯ್ಡರಿ ದಾರದ ಲಡಿ ಸಾಮಾನ್ಯವಾಗಿ 8 ಮೀಟರ್ ಉದ್ದ. ಅದನ್ನು ಬಿಡಿಸಿದರೆ ಆರು ಎಳೆ. ಇಂಚಿಗೆ 14 ಮನೆಗಳಿರುವ ಬಟ್ಟೆಯಲ್ಲಿ ಕ್ರಾಸ್ ಹಾಕಲು ಎರಡು ಎಳೆ ಬಳಸುವುದು ವಾಡಿಕೆ. ಅಂಚಿನ ಗೆರೆಗೆ ಒಂದೇ ಎಳೆ ಸಾಕು. ಅಂಥ ಬಟ್ಟೆಯಲ್ಲಿ ಒಂದು ಮನೆಯ ಅಗಲ ಸುಮಾರು 1.8 ಮಿಲಿಮೀಟರ್. ಅಷ್ಟು ಸಣ್ಣ ಜಾಗದಲ್ಲಿ ಎರಡೆಳೆಯ ಕಪ್ಪು ಗೆರೆ ಹಾಕಿದರೆ ಗೆರೆಯೇ ಚಿತ್ರವನ್ನು ನುಂಗುತ್ತದೆ. ಗಿಳಿಯ ಕೊಕ್ಕು ಮೊಂಡಾದದ್ದು ಇದರಿಂದ. ಎಲ್ಲ ಕಡೆಯೂ ಕಪ್ಪೇ ಬೇಕೆಂದೂ ಇಲ್ಲ. ಹಸಿರು ರೆಕ್ಕೆಗೆ ಗಾಢ ಹಸಿರು, ಕಂದು ಕೊಂಬೆಗೆ ಇನ್ನೂ ಗಾಢವಾದ ಕಂದು ಹಾಕಿದರೆ ಗೆರೆ ಮೃದುವಾಗಿ ಕಾಣುತ್ತದೆ. ಕಪ್ಪನ್ನು ಕಣ್ಣಿಗೆ ಮತ್ತು ಕಾಲುಗುರಿಗೆ ಉಳಿಸಿಕೊಳ್ಳಬಹುದು.

ದಾರವನ್ನು 18 ಇಂಚಿಗಿಂತ ಉದ್ದ ಕತ್ತರಿಸಬಾರದು. ದಾರ ಪ್ರತಿ ತೂತಿನಲ್ಲಿ ಹಾದುಹೋಗುವಾಗಲೂ ಬಟ್ಟೆಗೆ ಉಜ್ಜಿ ಸವೆಯುತ್ತದೆ. ಉದ್ದ ಹೆಚ್ಚಿದಷ್ಟೂ ಉಜ್ಜುವ ಸಲವೂ ಹೆಚ್ಚು. ಗೆರೆಯ ಕೊನೆಯ ಭಾಗ ನವಿರೆದ್ದು ಮಸುಕಾಗುವುದು ಹೀಗೆ. ಇನ್ನೊಂದು ತೊಂದರೆ ಹುರಿ. ಹೊಲಿಯುವಾಗ ಬೆರಳುಗಳ ನಡುವೆ ಸೂಜಿ ಅರಿವಿಲ್ಲದೆ ಸ್ವಲ್ಪ ಸ್ವಲ್ಪ ತಿರುಗುತ್ತದೆ. ದಾರದಲ್ಲಿ ಹುರಿ ಹೆಚ್ಚುತ್ತ ಹೋಗಿ ಕೊನೆಗೆ ತಾನೇ ಸುರುಳಿ ಸುತ್ತಿ ಗಂಟಾಗುತ್ತದೆ. ಎಂಟು ಹತ್ತು ಹೊಲಿಗೆಗೊಮ್ಮೆ ಬಟ್ಟೆಯನ್ನು ತಲೆಕೆಳಗಾಗಿ ಹಿಡಿದು ಸೂಜಿಯನ್ನು ಜೋತುಬಿಡಬೇಕು. ಸೂಜಿ ಗಿರಗಿರನೆ ತಿರುಗಿ ಹುರಿ ಬಿಚ್ಚಿಕೊಂಡು ನಿಲ್ಲುತ್ತದೆ. ತಿರುಚಿದ ದಾರ ತನ್ನ ಮೊದಲಿನ ಸ್ಥಿತಿಗೆ ಮರಳುವ ಈ ಪ್ರಯೋಗಕ್ಕೆ ಪ್ರಯೋಗಾಲಯ ಬೇಕಿಲ್ಲ.

ಸೂಜಿ ಮೊಂಡು ಮೂತಿಯದಾಗಿರಬೇಕು. ಚೂಪಾದ ಸೂಜಿ ಪಕ್ಕದ ಕ್ರಾಸಿನ ಎಳೆಯನ್ನೇ ಸೀಳಿ ಮೇಲೇಳುತ್ತದೆ. ಮೊಂಡು ಸೂಜಿ ಎಳೆಯನ್ನು ಸರಿಸಿ ತೂತನ್ನು ಹುಡುಕಿಕೊಳ್ಳುತ್ತದೆ. ಗೆರೆ ಮನೆಯ ನಟ್ಟನಡುವೆ ಮುಗಿಯಬೇಕಾದಾಗ ಮಾತ್ರ ಚೂಪು ಸೂಜಿ ಹಿಡಿಯಬೇಕು, ಏಕೆಂದರೆ ಅಲ್ಲಿ ತೂತೇ ಇರುವುದಿಲ್ಲ.

ಖಾಲಿ ತೂತು, ತುಂಬಿದ ತೂತು

ಅಂಚಿನ ಗೆರೆಯನ್ನು ಎಲ್ಲ ಕ್ರಾಸುಗಳೂ ಮುಗಿದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಆಮೇಲೆ ಬರುವ ಕ್ರಾಸುಗಳು ಗೆರೆಯನ್ನು ಮುಚ್ಚಿ ಅತ್ತಿತ್ತ ತಳ್ಳುತ್ತವೆ. ಕ್ರಾಸುಗಳು ಮುಗಿದಿದ್ದರೆ ಎರಡು ಸಾಲುಗಳ ನಡುವೆ ಒಂದು ಸಣ್ಣ ಕಾಲುವೆ ಉಂಟಾಗಿರುತ್ತದೆ. ಗೆರೆ ಅದರಲ್ಲಿ ಸರಿಯಾಗಿ ಕೂರುತ್ತದೆ.

ಸೂಜಿ ಯಾವಾಗಲೂ ಖಾಲಿ ತೂತಿನಲ್ಲಿ ಮೇಲೆ ಬರಬೇಕು, ತುಂಬಿದ ತೂತಿನಲ್ಲಿ ಕೆಳಗಿಳಿಯಬೇಕು. ಕೆಳಗಿನಿಂದ ಬರುವ ಸೂಜಿಗೆ ಮೇಲಿನ ಎಳೆ ಕಾಣುವುದಿಲ್ಲ. ತುಂಬಿದ ತೂತಿನಲ್ಲಿ ಬಂದರೆ ಇದ್ದ ಎಳೆಯನ್ನು ಸೀಳುತ್ತದೆ ಅಥವಾ ಮೇಲಕ್ಕೆ ದೂಡುತ್ತದೆ. ಮೇಲಿನಿಂದ ಇಳಿಯುವ ಸೂಜಿ ಹೋಗುವಾಗ ಇದ್ದ ಎಳೆಯನ್ನು ತನ್ನ ಜೊತೆ ಒಳಕ್ಕೆ ಒತ್ತುತ್ತದೆ. ಬ್ಯಾಕ್ ಸ್ಟಿಚ್ ಗೆರೆ ಕಡಿಯದೆ ಕಾಣುವುದಕ್ಕೆ ಕಾರಣವೇ ಇದು. ಮುಂದಿನ ತೂತು ಖಾಲಿ, ಹಿಂದಿನದು ತುಂಬಿದ್ದು. ಅದರ ನಡೆಯಲ್ಲೇ ಈ ನಿಯಮ ಅಡಗಿದೆ.

ಗಂಟು ಬೇಡ. ದಾರದ ತುದಿಯನ್ನು ಬೆನ್ನಿನಲ್ಲಿರುವ ನಾಲ್ಕೈದು ಕ್ರಾಸುಗಳ ಅಡಿಯಲ್ಲಿ ತೂರಿಸಿದರೆ ಸಾಕು, ಘರ್ಷಣೆಯೇ ಅದನ್ನು ಹಿಡಿದಿಡುತ್ತದೆ. ಗಂಟು ಕಟ್ಟಿದರೆ ಚೌಕಟ್ಟು ಹಾಕಿಸುವಾಗ ಮುಖದ ಮೇಲೆ ಉಬ್ಬು ಕಾಣುತ್ತದೆ. ಹಾಗೆಯೇ, ಏನೂ ಹೊಲಿಯದ ಬಿಳಿ ಜಾಗದ ಹಿಂದಿನಿಂದ ಕಪ್ಪು ದಾರವನ್ನು ಹಾರಿಸಬಾರದು. ದಾರ ಮುಗಿಸಿ ಹೊಸದಾಗಿ ಶುರು ಮಾಡುವುದೇ ಸರಿ.

ಓರೆ ಗೆರೆ ಮತ್ತು ಪೈಥಾಗೊರಸ್

ಒಂದು ಮನೆಯ ಬದಿಯನ್ನು 1 ಎಂದುಕೊಂಡರೆ ಮೂಲೆಯಿಂದ ಮೂಲೆಗೆ ಹಾಕಿದ ಹೊಲಿಗೆಯ ಉದ್ದ ಎರಡರ ವರ್ಗಮೂಲ, ಎಂದರೆ ಸುಮಾರು 1.41. ಒಂದು ಮನೆ ಅಡ್ಡ, ಎರಡು ಮನೆ ಉದ್ದ ಹೋದರೆ ಐದರ ವರ್ಗಮೂಲ, ಸುಮಾರು 2.24. ಪೈಥಾಗೊರಸನ ಪ್ರಮೇಯ ಪಠ್ಯಪುಸ್ತಕದಲ್ಲಿ ಇರುವಂತೆಯೇ ಮ್ಯಾಟಿ ಬಟ್ಟೆಯ ಮೇಲೂ ಇದೆ. ಓರೆ ಹೊಲಿಗೆ ನೇರ ಹೊಲಿಗೆಗಿಂತ ಉದ್ದ. ಉದ್ದವಾದದ್ದು ಬೇಗ ಸಡಿಲವಾಗಿ ಕಾಣುತ್ತದೆ. ಆದ್ದರಿಂದ ಓರೆ ಬಂದಲ್ಲಿ ಕೈ ಸ್ವಲ್ಪ ಎಚ್ಚರವಾಗಿರಬೇಕು.

ದುಂಡು ಗೆರೆ ಬರಬೇಕಾದರೆ ಓರೆಯನ್ನು ಕ್ರಮವಾಗಿ ಬದಲಿಸಬೇಕು. ಮೊದಲು ನೇರವಾಗಿ ಮೇಲಕ್ಕೆ, ಆಮೇಲೆ ಎರಡು ಮೇಲೆ ಒಂದು ಪಕ್ಕಕ್ಕೆ, ಆಮೇಲೆ ಒಂದಕ್ಕೊಂದು, ಆಮೇಲೆ ಒಂದು ಮೇಲೆ ಎರಡು ಪಕ್ಕಕ್ಕೆ, ಕೊನೆಗೆ ನೇರ ಅಡ್ಡ. ಐದು ಸರಳರೇಖೆಗಳು ಸೇರಿ ಕಣ್ಣಿಗೆ ಕಮಾನಾಗುತ್ತವೆ. ಹುಡುಗಿ ಮಾಡಿದ್ದು ಬೇರೆ. ಅವಳು ಪ್ರತಿ ಮನೆಯ ಅಂಚನ್ನೂ ಸುತ್ತಿ ಬಂದಿದ್ದಳು. ಅದರಿಂದ ಗಿಳಿಯ ಬೆನ್ನು ಮೆಟ್ಟಿಲಾಯಿತು. ಗ್ರಾಫ್ ಹಾಳೆಯ ಮೇಲೆ ಮೊದಲು ಪೆನ್ಸಿಲಿನಿಂದ ಗೆರೆ ಎಳೆದು ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಚೂಪಾದ ಮೂಲೆ ಬಂದಲ್ಲಿ ಹೊಲಿಗೆ ಸರಿಯಾಗಿ ಮೂಲೆಯ ತೂತಿನಲ್ಲೇ ಮುಗಿಯಬೇಕು. ಮೂಲೆಯನ್ನು ಹಾರಿ ಓರೆಯಾಗಿ ಕತ್ತರಿಸಿದರೆ ಕೊಕ್ಕು ಕೊಕ್ಕಾಗಿ ಉಳಿಯುವುದಿಲ್ಲ.

ಗವಂತಿಯ ದಾರಿ

"ನಮ್ಮ ಗವಂತಿಗೆ ಬೆನ್ನೂ ಇಲ್ಲ, ಮಾರೀನೂ ಇಲ್ಲ. ಎರಡೂ ಕಡೆ ಒಂದ" ಎಂದರು ಅಜ್ಜಿ.

ಉತ್ತರ ಕರ್ನಾಟಕದ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರಗಿ, ನೇಗಿ ಮತ್ತು ಮೆಂತಿ. ಮೆಂತಿ ಎಂದರೆ ನಮ್ಮ ಕ್ರಾಸ್ ಸ್ಟಿಚ್ಚೇ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಆನೆ ಅಂಬಾರಿ, ನವಿಲು, ತೇರು ಎಲ್ಲ ಮೂಡಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿ ಮೊದಲು ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಎಂದು ಸಾಗುತ್ತದೆ. ಗೆರೆ ಬಿಟ್ಟು ಬಿಟ್ಟು ಕಾಣುತ್ತದೆ. ಮರಳಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಮುಖದಲ್ಲೂ ಬೆನ್ನಲ್ಲೂ ಒಂದೇ ಗೆರೆ.

ಇಂಥದೇ ಹೊಲಿಗೆ ಯುರೋಪಿನಲ್ಲೂ ಇದೆ. ಅಲ್ಲಿ ಅದಕ್ಕೆ ಹೋಲ್ಬೈನ್ ಹೊಲಿಗೆ ಎಂದು ಹೆಸರು. ಹದಿನಾರನೇ ಶತಮಾನದ ಚಿತ್ರಕಾರ ಹ್ಯಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಅಂಗಿಯ ತೋಳುಪಟ್ಟಿಗಳ ಮೇಲೆ ಈ ಕೆಲಸ ಎದ್ದು ಕಾಣುವುದರಿಂದ ಆ ಹೆಸರು. ತೋಳಿನ ಪಟ್ಟಿ ಮಡಚಿದಾಗ ಎರಡೂ ಬದಿ ಕಾಣುತ್ತದೆ. ಸೆರಗೂ ಹಾಗೆಯೇ.

ದಾರದ ಲೆಕ್ಕವನ್ನೂ ನೋಡಬಹುದು. ಬಟ್ಟೆಯ ದಪ್ಪವನ್ನು ಬಿಟ್ಟುಬಿಟ್ಟರೆ, ಬ್ಯಾಕ್ ಸ್ಟಿಚ್ಚಿನಲ್ಲಿ ಪ್ರತಿ ಮನೆಗೆ ಮೇಲೆ ಒಂದು, ಕೆಳಗೆ ಎರಡು, ಒಟ್ಟು ಮೂರು ಪಾಲು ದಾರ. ಗವಂತಿಯಲ್ಲಿ ಮೇಲೆ ಒಂದು, ಕೆಳಗೆ ಒಂದು, ಒಟ್ಟು ಎರಡು ಪಾಲು. ಗಿಳಿಯ ಸುತ್ತಿನ ಗೆರೆ 21 ಇಂಚು ಎಂದುಕೊಂಡರೆ ಬ್ಯಾಕ್ ಸ್ಟಿಚ್ಚಿಗೆ 63 ಇಂಚು, ಗವಂತಿಗೆ 42 ಇಂಚು. 18 ಇಂಚಿನ ತುಂಡಿನಲ್ಲಿ ಎರಡು ತುದಿಗೂ ಎರಡೆರಡು ಇಂಚು ಬಿಟ್ಟರೆ ಹೊಲಿಗೆಗೆ ಉಳಿಯುವುದು 14 ಇಂಚು. ಮೊದಲನೆಯದಕ್ಕೆ ಐದು ತುಂಡು ಬೇಕು, ಎರಡನೆಯದಕ್ಕೆ ಮೂರೇ ಸಾಕು. ಅದಕ್ಕೆ ಬದಲಾಗಿ ಬ್ಯಾಕ್ ಸ್ಟಿಚ್ ಕೊಡುವುದು ಸ್ವಲ್ಪ ಉಬ್ಬಿದ, ಗಟ್ಟಿಯಾದ ಗೆರೆ. ಮೊದಲೇ ದಾರಿ ಯೋಚಿಸುವ ಕಷ್ಟವೂ ಅದರಲ್ಲಿ ಇಲ್ಲ. ಎರಡಕ್ಕೂ ಅದರದರ ಜಾಗವಿದೆ.

ಏಳು ಸೇತುವೆಗಳು

ಗವಂತಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗೆರೆಗೆ ಕೊಂಬೆಗಳಿದ್ದರೆ ಏನು ಮಾಡುವುದು? ಯಾವ ಕಡೆ ಮೊದಲು ತಿರುಗಬೇಕು? ಎಲ್ಲವನ್ನೂ ತುಂಬಿ ಹೊರಟ ಜಾಗಕ್ಕೇ ಮರಳಲು ಸಾಧ್ಯವೇ?

ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು 1736ರಲ್ಲಿ ಲಿಯೊನ್‌ಹಾರ್ಡ್ ಆಯ್ಲರ್ ಬಿಡಿಸಿದ. ಆಗ ಕೋನಿಗ್ಸ್‌ಬರ್ಗ್ ಎನ್ನುತ್ತಿದ್ದ, ಇಂದು ರಷ್ಯಾದ ಕಲಿನಿನ್‌ಗ್ರಾಡ್ ಆಗಿರುವ ಊರಿನಲ್ಲಿ ನದಿಗೆ ಏಳು ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನೂ ಒಮ್ಮೆ ಮಾತ್ರ ದಾಟಿ ಊರನ್ನು ಸುತ್ತಲು ಸಾಧ್ಯವೇ ಎಂಬುದು ಪ್ರಶ್ನೆ. ಸಾಧ್ಯವಿಲ್ಲ ಎಂದು ಆಯ್ಲರ್ ತೋರಿಸಿದ. ಹೊರಟಲ್ಲಿಗೆ ಮರಳಬೇಕಾದರೆ ಪ್ರತಿ ದಡಕ್ಕೂ ಸೇರುವ ಸೇತುವೆಗಳ ಸಂಖ್ಯೆ ಸಮಸಂಖ್ಯೆಯಾಗಿರಬೇಕು, ಏಕೆಂದರೆ ಬಂದವನು ಹೋಗಲೂ ಬೇಕು. ಆ ಊರಿನಲ್ಲಿ ನಾಲ್ಕು ಭೂಭಾಗಗಳಿಗೂ ಬೆಸಸಂಖ್ಯೆಯ ಸೇತುವೆಗಳಿದ್ದವು.

ಗವಂತಿಯಲ್ಲಿ ಪ್ರತಿ ಮನೆಯನ್ನೂ ಎರಡು ಸಲ ದಾಟುತ್ತೇವೆ, ಮೇಲೆ ಒಮ್ಮೆ, ಕೆಳಗೆ ಒಮ್ಮೆ. ಯಾವ ಸಂಖ್ಯೆಯನ್ನೂ ಎರಡರಿಂದ ಗುಣಿಸಿದರೆ ಸಮಸಂಖ್ಯೆಯೇ. ಆದ್ದರಿಂದ ಗೆರೆಗಳೆಲ್ಲ ಒಂದಕ್ಕೊಂದು ತಾಗಿಕೊಂಡಿದ್ದರೆ ಸೂಜಿ ಹೊರಟಲ್ಲಿಗೆ ಮರಳುವ ದಾರಿ ಇದ್ದೇ ಇರುತ್ತದೆ.

ಮೇಲು ಕೆಳಗು ತಪ್ಪದಿರಲು ಒಂದು ಉಪಾಯವಿದೆ. ತೂತುಗಳನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಕಪ್ಪು, ಬಿಳಿ ಎಂದು ಭಾವಿಸಬೇಕು. ನೇರ ಅಡ್ಡ, ನೇರ ಉದ್ದದ ಗೆರೆಗಳಲ್ಲಿ ಕಪ್ಪಿನ ಪಕ್ಕ ಬಿಳಿಯೇ ಇರುತ್ತದೆ. ಕಪ್ಪಿನಿಂದ ಬಿಳಿಗೆ ಹೋಗುವಾಗ ದಾರ ಬಟ್ಟೆಯ ಮೇಲೆ, ಬಿಳಿಯಿಂದ ಕಪ್ಪಿಗೆ ಹೋಗುವಾಗ ಕೆಳಗೆ. ಪ್ರತಿ ಮನೆಯಲ್ಲೂ ಹೋಗುವಾಗ ಒಂದು ದಿಕ್ಕು, ಬರುವಾಗ ಇನ್ನೊಂದು ದಿಕ್ಕು ಹಿಡಿದರೆ ಎರಡೂ ಬದಿ ತಾವಾಗಿಯೇ ತುಂಬುತ್ತವೆ. ಕೊಂಬೆ ಬಂದಾಗ ಅದರ ತುದಿಯವರೆಗೆ ಹೋಗಿ ಮರಳಿ ಬಂದು ಮುಂದೆ ಸಾಗಿದರೆ ಆಯಿತು.

ಅಜ್ಜಿ ಆಯ್ಲರನ ಹೆಸರು ಕೇಳಿದವರಲ್ಲ. ಮೂರನೇ ತರಗತಿಗೆ ಶಾಲೆ ಬಿಟ್ಟವರು. "ಟೊಂಗಿ ಬಂದ್ರ ತುದೀತನಾ ಹೋಗಿ ತಿರುಗಿ ಬಾ, ಆಮ್ಯಾಲ ಮುಂದ ಹೋಗು" ಎಂದಷ್ಟೇ ಹೇಳಿದರು. ತಂದೆ ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿಟ್ಟು ಹಾಳೆಯ ಮೇಲೆ ಚುಕ್ಕೆ ಹಾಕಿ ಪೆನ್ಸಿಲಿನಿಂದ ಮಾಡಿ ನೋಡಿದರು. ಎರಡು ಸಲ ತಪ್ಪಿತು. ಮೂರನೆಯ ಸಲ ಮಗಳು ತೋರಿಸಿಕೊಟ್ಟಳು.

ಬಿಚ್ಚುವುದೂ ಕಲಿಯಬೇಕು

ಗಿಳಿ ಅಂದು ಪ್ರದರ್ಶನಕ್ಕೆ ಹೋಗಲಿಲ್ಲ. ಗೆರೆ ಬಿಚ್ಚಬೇಕಿತ್ತು. ಎರಡು ತಿಂಗಳ ಕ್ರಾಸುಗಳಿಗೆ ಪೆಟ್ಟಾಗದಂತೆ ಕಪ್ಪು ದಾರವನ್ನು ಮಾತ್ರ ತೆಗೆಯುವುದು ಹಾಕುವುದಕ್ಕಿಂತ ಕಷ್ಟ. ಒಂದು ತುದಿ ಹಿಡಿದು ಸರ್ರನೆ ಎಳೆದರೆ ಕಪ್ಪು ನವಿರು ಹಸಿರಿನ ಮೇಲೂ ಬಿಳಿಯ ಮೇಲೂ ಅಂಟುತ್ತದೆ. ಬೆನ್ನಿನ ಕಡೆಯಿಂದ ಮೂರು ನಾಲ್ಕು ಹೊಲಿಗೆಗೊಮ್ಮೆ ಸಣ್ಣ ಕತ್ತರಿಯಿಂದ ಕತ್ತರಿಸಿ, ಮುಖದ ಕಡೆಯಿಂದ ಮೊಂಡು ಸೂಜಿಯಿಂದ ಒಂದೊಂದೇ ತುಂಡನ್ನು ಎತ್ತಬೇಕು. ಉಳಿದ ನವಿರನ್ನು ಅಂಟುಪಟ್ಟಿಯಿಂದ ಮೆಲ್ಲನೆ ಒತ್ತಿ ತೆಗೆಯಬಹುದು. ಹೊಸ ದಾರ ಹಾಕುವ ಮೊದಲು ಅದರ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಬೇಕು. ಬಣ್ಣ ಬಿಟ್ಟರೆ ಆ ದಾರ ಬೇಡ. ಕಪ್ಪು, ಕೆಂಪು ದಾರಗಳಿಗೆ ಈ ಪರೀಕ್ಷೆ ತಪ್ಪಿಸಬಾರದು. ತೊಳೆದ ಮೇಲೆ ತಿಳಿದರೆ ಮಾಡುವುದೇನೂ ಉಳಿಯುವುದಿಲ್ಲ.

ತಾಯಿತಂದೆಯರು ಗಮನಿಸಬೇಕಾದ ಮಾತೂ ಒಂದಿದೆ. ಈ ಕೆಲಸಕ್ಕೆ ಹಗಲು ಬೆಳಕು ಒಳ್ಳೆಯದು. ರಾತ್ರಿಯಾದರೆ ಬಲಗೈಯವರಿಗೆ ದೀಪ ಎಡಗಡೆ ಇರಲಿ, ಕೈಯ ನೆರಳು ಬಟ್ಟೆಯ ಮೇಲೆ ಬೀಳುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಮಗು ತಲೆಯೆತ್ತಿ ದೂರದ ಮರವನ್ನೋ ಮನೆಯನ್ನೋ ನೋಡಲಿ. ಹುಡುಗರೂ ಸೂಜಿ ಹಿಡಿಯಲಿ. ಎಣಿಸುವುದಕ್ಕೂ ತಾಳ್ಮೆಗೂ ಹೆಣ್ಣು ಗಂಡು ಎಂಬ ಭೇದವಿಲ್ಲ. ಅಂಕ ಬಂದಿಲ್ಲವೆಂದು ಕೈಯಲ್ಲಿನ ಬಟ್ಟೆಯನ್ನು ಕಿತ್ತಿಡುವ ಮೊದಲು ಅದರ ಮೇಲೆ ಎಷ್ಟು ಗಣಿತ ನಡೆದಿದೆ ಎಂದು ಒಮ್ಮೆ ನೋಡಲಿ.

ಬಿಚ್ಚುವುದಕ್ಕೆ ನಾಲ್ಕು ಸಂಜೆ ಹಿಡಿಯಿತು, ಮತ್ತೆ ಹಾಕುವುದಕ್ಕೆ ಆರು. ಮುಗಿದ ದಿನ ಹುಡುಗಿ ಗಿಳಿಯನ್ನು ಒಯ್ದು ಅಜ್ಜಿಯ ತೊಡೆಯ ಮೇಲಿಟ್ಟಳು. ಈ ಸಲ ತಾನೇ ಬೆನ್ನಿನ ಕಡೆ ತಿರುವಿ ಇಟ್ಟಿದ್ದಳು. ಅಜ್ಜಿ ಬೆರಳಾಡಿಸಿದರು. ಬಾಲದ ಬಳಿ ಬೆರಳು ಒಮ್ಮೆ ನಿಂತಿತು.

"ಇಲ್ಲಿ ಒಂದು ಹೊಲಿಗಿ ಸಡ್ಲ ಐತಿ."

"ಹೌದು ಅಜ್ಜಿ, ಗೊತ್ತೈತಿ. ಬಿಚ್ಚಲ್ಯಾ?"

"ಬ್ಯಾಡ, ಇರಲಿ ಬಿಡವಾ. ಮುಂದಿಂದು ಯಾವಾಗ ಹಚ್ಚತಿ?" ಎಂದರು ಅಜ್ಜಿ.

ಮಾಡಿ ನೋಡಿ

ಗ್ರಾಫ್ ಹಾಳೆಯ ಮೇಲೆ ಮೂರು ಚುಕ್ಕೆಗಳನ್ನು ಒಂದೇ ಸಾಲಿನಲ್ಲಿ ಒಂದೊಂದು ಮನೆ ಅಂತರದಲ್ಲಿ ಇಡಿ. ನಡುವಿನ ಚುಕ್ಕೆಯ ಕೆಳಗೆ ಇನ್ನೊಂದು ಚುಕ್ಕೆ ಇಟ್ಟು ಗೆರೆಗಳಿಂದ ಸೇರಿಸಿ. ಎಡತುದಿಯ ಚುಕ್ಕೆಯಿಂದ ಹೊರಟು ಗವಂತಿಯ ಕ್ರಮದಲ್ಲಿ ಮೂರು ಗೆರೆಗಳನ್ನೂ ಎರಡೆರಡು ಸಲ ಮುಗಿಸಿ ಹೊರಟಲ್ಲಿಗೇ ಬನ್ನಿ. ಮೇಲಿನ ದಾರಕ್ಕೆ ಕೆಂಪು ಪೆನ್ಸಿಲ್, ಕೆಳಗಿನ ದಾರಕ್ಕೆ ನೀಲಿ ಪೆನ್ಸಿಲ್ ಬಳಸಿ. ಆರು ನಡೆಗಳಲ್ಲಿ ಮುಗಿಯಬೇಕು, ಪ್ರತಿ ಗೆರೆಯ ಮೇಲೂ ಒಂದು ಕೆಂಪು, ಒಂದು ನೀಲಿ ಇರಬೇಕು. ಸರಿ ಬಂದರೆ ಎರಡು ನೇರ ಬದಿ, ಒಂದು ಓರೆ ಬದಿಯ ತ್ರಿಕೋನವನ್ನು ಪ್ರಯತ್ನಿಸಿ. ಅಲ್ಲಿ ಕಪ್ಪು ಬಿಳಿಯ ನಿಯಮ ನಡೆಯುವುದಿಲ್ಲ. ಆದರೆ ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿದರೆ ಏನಾಗುತ್ತದೆ ನೋಡಿ.